ಗ್ರೂಪಿನಲ್ಲಿ ಯಾರೋ ಬರೆದಿದ್ದಕ್ಕೆ ಅಡ್ಮಿನ್‌ಗೂ ಲಾಯರ್ ನೋಟಿಸ್. ನಾನು ಹೊಣೆಯಾ?

ತೆಂಗಿನಗರಿ (ಸೋಮವಾರ, ರಾತ್ರಿ 9.12)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಇದ್ದವನು. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆ. ತೆಂಗು ಬೆಳೆಯುವವರೆಲ್ಲ ಸೇರಿ ನಾಲ್ಕು ವರ್ಷದ ಹಿಂದೆ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಶುರು ಮಾಡಿದ್ದು ನಾನು, ಹಾಗಾಗಿ ಅಡ್ಮಿನ್ನೂ ನಾನೇ. ಈಗ 380 ಜನ ಇದ್ದಾರೆ. ಕೊಬ್ಬರಿ ರೇಟು, ನುಸಿಗೆ ಔಷಧಿ, ಸಾವಿನ ಸುದ್ದಿ, ಗುಡ್ ಮಾರ್ನಿಂಗ್ ಹೂವು, ಎಲ್ಲ ಬರುತ್ತದೆ.

ಹೋದ ತಿಂಗಳು ಸದಸ್ಯರೊಬ್ಬರು ರಾತ್ರಿ 10.40ಕ್ಕೆ ಒಂದು ಮಂಡಿಯ ಬೋರ್ಡಿನ ಫೋಟೊ ಹಾಕಿ ಹೀಗೆ ಬರೆದರು: "ಇವ್ನು ಚೀಲಕ್ಕೆ ಎರಡು ಕೆಜಿ ನುಂಗ್ತಾನೆ. ಅವರಪ್ಪನ ಕಾಲದಿಂದ ಇದೇ ಕಸುಬು. ಯಾರೂ ಅಲ್ಲಿಗೆ ಹೋಗಬೇಡಿ." ನಾನು ಮಲಗಿಬಿಟ್ಟಿದ್ದೆ. ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ನೋಡಿದೆ. ಅಷ್ಟೊತ್ತಿಗೆ ಕೆಳಗೆ ನಲವತ್ತು ಮೆಸೇಜ್. ಒಬ್ಬರು "ನನಗೂ ಆಗಿದೆ" ಎಂದಿದ್ದರು, ಇನ್ನೊಬ್ಬರು ಚಪ್ಪಲಿ ಚಿತ್ರ ಹಾಕಿದ್ದರು. ನಾನು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ತೆಗೆಯಲೂ ಇಲ್ಲ.

ಮೊನ್ನೆ ಸ್ಪೀಡ್ ಪೋಸ್ಟಿನಲ್ಲಿ ಕವರ್ ಬಂತು. ಲಾಯರ್ ನೋಟಿಸ್, ನಾಲ್ಕು ಹಾಳೆ. ಒಂದನೇ ಹೆಸರು ಬರೆದವರದು. ಎರಡನೇ ಹೆಸರು ನನ್ನದು, "ಸದರಿ ಗ್ರೂಪಿನ ಮಾಲೀಕರು ಹಾಗೂ ನಿರ್ವಾಹಕರು" ಎಂದು. ಏಳು ದಿನದಲ್ಲಿ ಕ್ಷಮೆ ಕೇಳಬೇಕು, ಇಬ್ಬರೂ ಸೇರಿ 10 ಲಕ್ಷ ಕೊಡಬೇಕು, ಇಲ್ಲದಿದ್ದರೆ ಸಿವಿಲ್ಲೂ ಹಾಕುತ್ತೇವೆ, ಕ್ರಿಮಿನಲ್ಲೂ ಹಾಕುತ್ತೇವೆ ಎಂದಿದೆ. ಮನೆಯಾಕೆ ಆ ಕವರನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿದ್ದಾಳೆ.

ಬರೆದವನು ನಾನಲ್ಲ. ಆದರೂ ನಾನು ಹೊಣೆಯಾ?

ಸುಮ್ನೆ ಓದುಗ (ಸೋಮವಾರ, ರಾತ್ರಿ 9.20)

ದೇವರ ಫೋಟೊ ಹಿಂದೆ ಇಟ್ಟರೆ ಏಳು ದಿನ ಎಂಟಾಗುವುದಿಲ್ಲ ಸಾರ್. ಮೊದಲು ಕವರ್ ಕೈಗೆ ಬಂದ ತಾರೀಕು ಬರೆದಿಟ್ಟುಕೊಳ್ಳಿ.

ಕಪ್ಪುಕೋಟು ಹಾಸನ (ಸೋಮವಾರ, ರಾತ್ರಿ 10.05)

ಉಸಿರು ಬಿಡಿ ಯಜಮಾನ್ರೇ. ನೋಟಿಸ್ ಬಂದಿದೆ ಅಷ್ಟೆ, ಕೇಸ್ ಬಂದಿಲ್ಲ. ನೋಟಿಸಿನಲ್ಲಿ 10 ಲಕ್ಷ ಎಂದು ಟೈಪ್ ಮಾಡಲು ಖರ್ಚಿಲ್ಲ. ಕೋರ್ಟಿನಲ್ಲಿ ಕೇಳಬೇಕಾದರೆ ಆ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು. ಎಷ್ಟೋ ನೋಟಿಸಿನ ಸೊನ್ನೆಗಳು ಆ ಕೌಂಟರ್ ಹತ್ತಿರ ಬಂದಾಗ ಉದುರಿಹೋಗುವುದನ್ನು ನೋಡಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲು ಬರುವುದಿಲ್ಲ ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. 2016ರಲ್ಲಿ ದೆಹಲಿ ಹೈಕೋರ್ಟಿಗೆ ಇಂಥದ್ದೇ ಒಂದು ಮಾನನಷ್ಟ ದಾವೆ ಬಂದಿತ್ತು. ಪೇಪರಿನಲ್ಲಿ ಬಂದ ಬರಹಕ್ಕೆ, ಆ ಪೇಪರಿನ ಕಾಗದ ತಯಾರಿಸಿದವನನ್ನು ಹಿಡಿದರೆ ಹೇಗೋ ಇದೂ ಹಾಗೇ ಎಂದಿತು ಕೋರ್ಟು. 2021ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದೂ ಅದೇ ಧಾಟಿ: ಅಡ್ಮಿನ್ ಕೈಯಲ್ಲಿರುವುದು ಜನರನ್ನು ಸೇರಿಸುವುದು, ತೆಗೆಯುವುದು ಮಾತ್ರ. ಸದಸ್ಯ ಏನು ಬರೆಯುತ್ತಾನೆ ಎಂದು ಅವನಿಗೆ ಮೊದಲೇ ಗೊತ್ತಿರುವುದಿಲ್ಲ. ಇಬ್ಬರೂ ಮಾತಾಡಿಕೊಂಡು ಮಾಡಿದ್ದರೆ ಕತೆ ಬೇರೆ. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಇನ್ನೂ ಬಿಡಿಸಿ ಹೇಳಿತು. ಅಡ್ಮಿನ್ ಮತ್ತು ಸದಸ್ಯರ ನಡುವೆ ಧಣಿ-ಆಳಿನ ಸಂಬಂಧ ಇಲ್ಲ, ಹಾಗಾಗಿ ಆಳು ಮಾಡಿದ್ದಕ್ಕೆ ಧಣಿ ಹೊಣೆ ಎಂಬ ಲೆಕ್ಕ ಇಲ್ಲಿ ಬರುವುದಿಲ್ಲ ಎಂದು.

ಇವೆಲ್ಲ ಬೇರೆ ರಾಜ್ಯದ ಹೈಕೋರ್ಟುಗಳು. ನಮ್ಮ ಕೋರ್ಟುಗಳು ಕೇಳಿಸಿಕೊಳ್ಳುತ್ತವೆ, ಆದರೆ ಕಟ್ಟುಬಿದ್ದಿಲ್ಲ. ಆದರೂ ನಿಮ್ಮ ಕಡೆ ಗಾಳಿ ಬೀಸುತ್ತಿದೆ.

ಬೆಂಗಳೂರು ಬಗ್ (ಸೋಮವಾರ, ರಾತ್ರಿ 10.31)

ವಕೀಲರೇ, ಒಂದು ತಕರಾರು. ನೀವು ಹೇಳಿದ ಮೂರೂ ತೀರ್ಪು ಬಂದಾಗ ವಾಟ್ಸಾಪಿನಲ್ಲಿ ಅಡ್ಮಿನ್‌ಗೆ ಇನ್ನೊಬ್ಬರ ಮೆಸೇಜ್ ಅಳಿಸುವ ಬಟನ್ನೇ ಇರಲಿಲ್ಲ. ವಾಟ್ಸಾಪ್ ಅದನ್ನು ಕೊಟ್ಟಿದ್ದು 2022ರಲ್ಲಿ, ಕೇರಳದ ತೀರ್ಪಿನ ನಂತರ. "ಅವನ ಕೈಯಲ್ಲಿ ಏನಿದೆ ಪಾಪ" ಎಂಬ ವಾದ ಈಗಲೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದಾ? ಡೇರಿ ಸಾಲಿನಲ್ಲಿ ನೋಡಿದ್ದೇನೆ ಎಂದು ಇವರೇ ಬರೆದಿದ್ದಾರೆ. ಹೆಬ್ಬೆರಳಿನಲ್ಲಿ ಎರಡು ಸಲ ಒತ್ತಿದ್ದರೆ ಹೋಗುತ್ತಿತ್ತು.

ಕಪ್ಪುಕೋಟು ಹಾಸನ (ಸೋಮವಾರ, ರಾತ್ರಿ 10.44)

ಒಳ್ಳೇ ಪಾಯಿಂಟು. ಎದುರು ಕಡೆ ವಕೀಲ ನಾನಾಗಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಆದರೂ ಅಳಿಸಬಹುದಿತ್ತು ಎನ್ನುವುದು ಬೇರೆ, ಅಳಿಸಲೇಬೇಕು ಎಂದು ಕಾನೂನು ಹೇಳುವುದು ಬೇರೆ. ಅಂಥ ಕಲಂ ತೋರಿಸಿ ಎಂದು ನಾನು ಈ ಕಡೆಯಿಂದ ಕೇಳುತ್ತೇನೆ.

ಮೆಲ್ಬರ್ನ್ ಭಾವ (ಮಂಗಳವಾರ, ಬೆಳಿಗ್ಗೆ 6.15)

ನಮ್ಮ ಕಡೆ ಇದು ಉಲ್ಟಾ ಆಗಿತ್ತು, ಕೇಳಿ. ಡೈಲನ್ ವೋಲರ್ ಎಂಬ ಹುಡುಗನನ್ನು ಬಾಲಬಂಧನದಲ್ಲಿ ಹೇಗೆ ನಡೆಸಿಕೊಂಡರು ಎಂದು 2016ರಲ್ಲಿ ಟಿವಿಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಪತ್ರಿಕೆಗಳು ಆ ಸುದ್ದಿಯನ್ನು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದವು. ಕೆಳಗೆ ಜನ ಬಾಯಿಗೆ ಬಂದಂತೆ ಬರೆದರು. ಅವನು ಬರೆದವರ ಮೇಲೆ ಹೋಗಲಿಲ್ಲ, ಪತ್ರಿಕೆಗಳ ಮೇಲೆ ಹೋದ. 2021ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ಹೇಳಿತು: ಪುಟ ತೆರೆದು ಜನ ಬರೆಯಲಿ ಎಂದು ಕರೆದಿದ್ದೀರಿ, ಹಾಗಾಗಿ ನೀವೂ ಪ್ರಕಾಶಕರೇ. ಸಿಎನ್‌ಎನ್ ಹೆದರಿ ಇಲ್ಲಿನವರಿಗೆ ತನ್ನ ಫೇಸ್‌ಬುಕ್ ಪುಟವನ್ನೇ ಮುಚ್ಚಿತು. ಆಮೇಲೆ ರಾಜ್ಯಗಳು ಕಾನೂನು ತಿದ್ದಲು ಓಡಾಡಬೇಕಾಯಿತು.

ಆಗ ನಾನು ನಮ್ಮ ಕನ್ನಡ ಬಳಗದ ಫೇಸ್‌ಬುಕ್ ಪುಟ ನೋಡಿಕೊಳ್ಳುತ್ತಿದ್ದೆ. ಯುಗಾದಿ ಊಟದಲ್ಲಿ ಒಬ್ಬಟ್ಟು ಸಾಲದೆ ಹೋದ ಬಗ್ಗೆ ಬಂದಿದ್ದ ಕಾಮೆಂಟುಗಳನ್ನೆಲ್ಲ ಅವತ್ತು ರಾತ್ರಿ ಕೂತು ಅಳಿಸಿದ್ದೇನೆ.

ಸುಮ್ನೆ ಓದುಗ (ಮಂಗಳವಾರ, ಬೆಳಿಗ್ಗೆ 8.02)

ಒಬ್ಬಟ್ಟು ಸಾಲದೆ ಹೋಗಿದ್ದು ನಿಜಾನಾ ಭಾವ? ನಿಜ ಇದ್ದರೆ ಮಾನನಷ್ಟ ಅಲ್ಲ.

ಕಪ್ಪುಕೋಟು ಹಾಸನ (ಮಂಗಳವಾರ, ಬೆಳಿಗ್ಗೆ 8.40)

ತಮಾಷೆ ಮಾಡಿದರೂ ಅರ್ಧ ತಪ್ಪು ಹೇಳಿದಿರಿ, ತಿದ್ದುತ್ತೇನೆ. ಸಿವಿಲ್ ದಾವೆಯಲ್ಲಿ ನಿಜ ಎಂದು ಸಾಬೀತು ಮಾಡಿದರೆ ಸಾಕು. ಕ್ರಿಮಿನಲ್‌ನಲ್ಲಿ ನಿಜವೂ ಆಗಿರಬೇಕು, ಅದನ್ನು ಹೇಳಿದ್ದರಿಂದ ಜನಕ್ಕೆ ಒಳ್ಳೆಯದೂ ಆಗಬೇಕು. ಹಳೇ ಐಪಿಸಿಯ 499, 500 ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 356 ಆಗಿದೆ. 2024ರ ಜುಲೈ 1ರಿಂದ ಜಾರಿ. ಎರಡು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೂ ಸೇರಿದೆ.

ಬೆಂಗಳೂರು ಬಗ್ (ಮಂಗಳವಾರ, ಮಧ್ಯಾಹ್ನ 1.10)

ದೊಡ್ಡ ಕಂಪನಿಗಳ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. 2004ರಲ್ಲಿ ಬಾಜಿ ಡಾಟ್ ಕಾಮ್ ಎಂಬ ಮಾರಾಟದ ಸೈಟಿನಲ್ಲಿ ಯಾರೋ ಅಶ್ಲೀಲ ಕ್ಲಿಪ್ ಮಾರಾಟಕ್ಕೆ ಇಟ್ಟರು. ಪೊಲೀಸರು ಸೈಟಿನ ಸಿಇಒನನ್ನೇ ಬಂಧಿಸಿದರು. ಎಂಟು ವರ್ಷ ಕಳೆದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆ ಸಿಕ್ಕಿತು. ಆ ಗಲಾಟೆ ಆದ ಮೇಲೆ, 2008ರಲ್ಲಿ ಐಟಿ ಕಾಯ್ದೆಯ 79ನೇ ಕಲಂ ಬದಲಾಯಿತು. ಬೇರೆಯವರು ಹಾಕಿದ್ದಕ್ಕೆ ಸೈಟು ಹೊಣೆಯಲ್ಲ, ಆದರೆ ಗೊತ್ತಾದ ಮೇಲೂ ಇಟ್ಟುಕೊಂಡರೆ ಆ ರಕ್ಷಣೆ ಹೋಗುತ್ತದೆ ಎಂದು.

"ಗೊತ್ತಾಗುವುದು" ಎಂದರೆ ಏನು? ಅಲ್ಲೇ ಇರುವುದು ಮಜಾ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಯಾರೋ ಮೇಲ್ ಕಳಿಸಿದರೆ ಗೊತ್ತಾದಂತೆ ಅಲ್ಲ, ಕೋರ್ಟ್ ಆದೇಶವೋ ಸರ್ಕಾರದ ಅಧಿಸೂಚನೆಯೋ ಬರಬೇಕು. ದಿನಕ್ಕೆ ಲಕ್ಷಾಂತರ ದೂರು ಬಂದರೆ ಯಾವುದು ಸರಿ ಎಂದು ಕಂಪನಿ ಹೇಗೆ ತೀರ್ಮಾನ ಮಾಡಲು ಸಾಧ್ಯ, ಅಲ್ವಾ? ನನಗೆ ಇದು ಸರಿ ಎನಿಸುತ್ತದೆ. ಇಲ್ಲದಿದ್ದರೆ ನೋಟಿಸ್ ಬಂದ ತಕ್ಷಣ ಹೆದರಿ ಎಲ್ಲವನ್ನೂ ಅಳಿಸುತ್ತಾರೆ. ಆಗ ದುಡ್ಡಿದ್ದವರ ಮೇಲೆ ಯಾರೂ ಏನೂ ಬರೆಯಲು ಆಗುವುದಿಲ್ಲ.

ಚಕ್ಕುಲಿ ಅಕ್ಕ (ಮಂಗಳವಾರ, ಸಂಜೆ 5.48)

ನಿನ್ನೆಯಿಂದ ಓದುತ್ತಾ ಇದ್ದೇನೆ. ಎಲ್ಲರೂ ಅಡ್ಮಿನ್ ಹೇಗೆ ತಪ್ಪಿಸಿಕೊಳ್ಳಬೇಕು, ಕಂಪನಿ ಹೇಗೆ ತಪ್ಪಿಸಿಕೊಳ್ಳಬೇಕು ಎಂದೇ ಹೇಳುತ್ತಿದ್ದೀರಿ. ಬೈಸಿಕೊಂಡವರ ಕತೆ ಒಂದು ಕೇಳಿ.

ದಾವಣಗೆರೆಯಲ್ಲಿ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು ಮಾಡಿ ಕೊಡುತ್ತೇನೆ. ಎರಡು ವರ್ಷದ ಹಿಂದೆ ಒಬ್ಬರು ನನ್ನ ಪ್ಯಾಕೆಟ್ಟಿನ ಲೇಬಲ್ ಪಕ್ಕದಲ್ಲಿ ಸತ್ತ ಹಲ್ಲಿ ಫೋಟೊ ಇಟ್ಟು "ಇವರ ಚಕ್ಕುಲಿಯಲ್ಲಿ ಸಿಕ್ಕಿತು" ಎಂದು ಹಾಕಿದರು. ಶ್ರಾವಣ ಮಾಸ. ಆ ವಾರ ಮೂರು ಗೃಹಪ್ರವೇಶದ ಆರ್ಡರ್ ಹೋಯಿತು. ಹಿಟ್ಟು ಬೀಸಿಸಿ ಡಬ್ಬದಲ್ಲಿ ಇಟ್ಟಿದ್ದೆ, ಹುಳ ಬಿತ್ತು.

ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಹೋದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು. "ಅಮ್ಮಾ, ಮಾನನಷ್ಟಕ್ಕೆ ನಾವು ನೇರವಾಗಿ ಎಫ್‌ಐಆರ್ ಹಾಕಲು ಬರಲ್ಲ, ನೀವೇ ಕೋರ್ಟಲ್ಲಿ ಖಾಸಗಿ ದೂರು ಕೊಡಬೇಕು" ಎಂದು ಒಂದು ಎನ್‌ಸಿ (ಎಫ್‌ಐಆರ್ ಅಲ್ಲದ ಬರೀ ದೂರಿನ ನಮೂದು) ಬರೆದುಕೊಟ್ಟರು. ಆ ಫೋಟೊ ಹಾಕಿದ್ದ ಆಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದೆ. 24 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು ಎಂದು ಆಗ 2021ರ ನಿಯಮದಲ್ಲಿ ಇತ್ತು. ಅದರಂತೆ ತಲುಪಿತು ಎಂದರು, ತೀರ್ಮಾನವನ್ನೂ ಹೇಳಿದರು: "ಇದು ನಮ್ಮ ನಿಯಮ ಮೀರಿಲ್ಲ. ಕೋರ್ಟ್ ಆದೇಶ ಇದ್ದರೆ ಕಳಿಸಿ." ಅವರ ಮೇಲೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ 30 ದಿನದಲ್ಲಿ ಹೋಗಬಹುದು ಎಂದು ನನಗೆ ಗೊತ್ತಾದಾಗ 41 ದಿನ ಆಗಿತ್ತು.

ಕೊನೆಗೆ ಕಂಡುಹಿಡಿದಿದ್ದು ಪಿಯುಸಿ ಓದುವ ನನ್ನ ಮಗಳು. ಹಲ್ಲಿ ಫೋಟೊವನ್ನು ಗೂಗಲ್‌ನಲ್ಲಿ ಹುಡುಕಿದಳು. ಯಾವುದೋ ಹಳೇ ಸುದ್ದಿಯ ಫೋಟೊ ಅದು, ಬೇರೆ ರಾಜ್ಯದ್ದು. ನೋಟಿಸ್ ಕಳಿಸಿದ ಮೇಲೆ ಹಾಕಿದವರು ಅಳಿಸಿದರು, ಕ್ಷಮೆ ಕೇಳಲಿಲ್ಲ. ಬಗ್ ಅವರೇ, ನಿಮಗೆ ಸರಿ ಎನಿಸಿದ ಆ ಕೋರ್ಟ್ ಆದೇಶ ತರಲು ನಾನು ಎಷ್ಟು ಕೆಜಿ ಚಕ್ಕುಲಿ ಸುಡಬೇಕು, ನೀವೇ ಲೆಕ್ಕ ಹಾಕಿ.

ತೆಂಗಿನಗರಿ ಅಣ್ಣಾ, ನಿಮಗೆ ನೋವಾದರೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹಲ್ಲಿ ಫೋಟೊ ನಾಲ್ಕು ಬಡಾವಣೆಯ ಗ್ರೂಪಿನಲ್ಲಿ ಓಡಾಡಿತು. ನಾಲ್ಕು ಅಡ್ಮಿನ್ನೂ ನೋಡಿದ್ದರು.

ಬೆಂಗಳೂರು ಬಗ್ (ಮಂಗಳವಾರ, ಸಂಜೆ 6.30)

ಅಕ್ಕಾ, ಉತ್ತರ ಇಲ್ಲ ನನ್ನ ಹತ್ತಿರ. ಫೋಟೊ ಸುಳ್ಳು ಎಂದು ತೋರಿಸಿದ ಮೇಲಾದರೂ ತೆಗೆಯಬೇಕಿತ್ತು. ತಾವಾಗೇ ತೆಗೆದರೆ 79ರ ರಕ್ಷಣೆ ಹೋಗುವುದಿಲ್ಲ ಎಂದು ಆ 2021ರ ನಿಯಮದಲ್ಲೇ ಇದೆ. ತೆಗೆಯಲು ಅಡ್ಡಿ ಇರಲಿಲ್ಲ, ಮನಸ್ಸಿರಲಿಲ್ಲ ಅಷ್ಟೆ.

ತೆಂಗಿನಗರಿ (ಮಂಗಳವಾರ, ರಾತ್ರಿ 9.55)

ಅಕ್ಕನ ಕತೆ ಓದಿದ ಮೇಲೆ ಒಂದು ವಿಷಯ ಮುಚ್ಚಿಟ್ಟುಕೊಳ್ಳಲು ಆಗುತ್ತಿಲ್ಲ. ಮೊದಲೇ ಹೇಳಬೇಕಿತ್ತು.

ಅವತ್ತು ಡೇರಿ ಹತ್ತಿರ ಆ ಮೆಸೇಜನ್ನು ನಮ್ಮ ಭಾವಮೈದುನನ ಊರಿನ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೆ. "ನೋಡ್ರಪ್ಪಾ" ಎಂದು ಒಂದೇ ಮಾತು ಬರೆದಿದ್ದೆ. ಅವರೂ ಕೊಬ್ಬರಿ ಅದೇ ಕಡೆ ಹಾಕುವವರು. ನೋಟಿಸಿನ ಮೂರನೇ ಹಾಳೆಯಲ್ಲಿ ಅದರ ಸ್ಕ್ರೀನ್‌ಶಾಟ್ ಇದೆ. ಬೆಳಿಗ್ಗೆ 6.52 ಎಂದು ಟೈಮು ಸಮೇತ.

ಕಪ್ಪುಕೋಟು ಹಾಸನ (ಮಂಗಳವಾರ, ರಾತ್ರಿ 10.20)

ಯಜಮಾನ್ರೇ, ಯಜಮಾನ್ರೇ. ವಕೀಲ, ಡಾಕ್ಟರ್ ಇಬ್ಬರ ಹತ್ತಿರ ಪೂರ್ತಿ ಹೇಳಬೇಕು.

ಈಗ ನೀವು ಬರೀ ಅಡ್ಮಿನ್ ಅಲ್ಲ. ನಿನ್ನೆ ಹೇಳಿದ ತೀರ್ಪುಗಳು ಮೊದಲನೇ ಗ್ರೂಪಿಗೆ ಕೆಲಸಕ್ಕೆ ಬರುತ್ತವೆ, ಎರಡನೇ ಗ್ರೂಪಿಗೆ ಬರುವುದಿಲ್ಲ. ಅಲ್ಲಿಗೆ ಕಳಿಸಿದ ಕೈ ನಿಮ್ಮದೇ. ಅರವಿಂದ ಕೇಜ್ರಿವಾಲ್ 2018ರಲ್ಲಿ ಒಂದು ವಿಡಿಯೊ ರೀಟ್ವೀಟ್ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ರೀಟ್ವೀಟ್ ಮಾಡಿದರೂ ಪ್ರಕಟಿಸಿದಂತೆಯೇ ಎಂದಿತು. ಮಾಡಿದ್ದು ತಪ್ಪಾಯಿತು ಎಂದು ಅವರು ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡರು. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಪತ್ರಕರ್ತೆಯರ ಬಗ್ಗೆ ಯಾರೋ ಬರೆದ ಹೊಲಸನ್ನು 2018ರಲ್ಲಿ ಫೇಸ್‌ಬುಕ್‌ನಲ್ಲಿ ಹಂಚಿದ್ದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದೆ, ಓದದೆ ಕಳಿಸಿಬಿಟ್ಟೆ ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ನಡೆಯಲಿಲ್ಲ. ಫಾರ್ವರ್ಡ್ ಎಂದರೆ ಬಿಲ್ಲಿನಿಂದ ಬಿಟ್ಟ ಬಾಣ ಎಂದು ಮದ್ರಾಸ್ ಹೈಕೋರ್ಟ್ ಅದಕ್ಕೂ ಮೊದಲೇ ಹೇಳಿತ್ತು. 2024ರಲ್ಲಿ ಒಂದು ತಿಂಗಳ ಸಜೆಯಾಯಿತು.

ಇನ್ನೊಂದು. ಆ ಮಂಡಿಯವರ ತಂದೆ ಇದ್ದಾರಾ?

ತೆಂಗಿನಗರಿ (ಮಂಗಳವಾರ, ರಾತ್ರಿ 10.26)

ಇಲ್ಲ. ತೀರಿಕೊಂಡು ಆರು ವರ್ಷ ಆಯಿತು. ಯಾಕೆ?

ಕಪ್ಪುಕೋಟು ಹಾಸನ (ಮಂಗಳವಾರ, ರಾತ್ರಿ 10.41)

356ರ ಮೊದಲನೇ ವಿವರಣೆ ಅದೇ. ಸತ್ತವರ ಬಗ್ಗೆ ಹೇಳಿದ್ದೂ ಮಾನನಷ್ಟ ಆಗಬಹುದು, ಮನೆಯವರ ಮನಸ್ಸು ನೋಯಿಸಲೆಂದೇ ಹೇಳಿದ್ದರೆ. "ಚೀಲಕ್ಕೆ ಎರಡು ಕೆಜಿ" ಎಂಬ ಮಾತನ್ನು ರೈತರಿಗೆ ಎಚ್ಚರಿಕೆ ಎಂದು ವಾದ ಮಾಡಬಹುದು. ತನ್ನ ಅಥವಾ ಇತರರ ಹಿತ ಕಾಯಲು ಒಳ್ಳೆ ಮನಸ್ಸಿನಿಂದ ಹೇಳಿದ್ದಕ್ಕೆ ವಿನಾಯಿತಿ ಇದೆ. "ಅವರಪ್ಪನ ಕಾಲದಿಂದ" ಎಂಬುದರಲ್ಲಿ ಯಾರಿಗೆ ಏನು ಎಚ್ಚರಿಕೆ ಇದೆ ಹೇಳಿ? ಆ ನಾಲ್ಕು ಅಕ್ಷರ ಸುಮ್ನೆ ಬಂದು ಕೇಸಿಗೆ ಮೂಳೆ ಕೊಟ್ಟಿದೆ.

ಮಂಡಿ ಗುಮಾಸ್ತ (ಬುಧವಾರ, ಬೆಳಿಗ್ಗೆ 7.30)

ಮೂವತ್ತು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವನು ನಾನು. ತೂಕದ ವಿಷಯ ಯಾರೂ ಕೇಳಲೇ ಇಲ್ಲವಲ್ಲ. ಬರೆದವರ ಹತ್ತಿರ ಏನು ಆಧಾರ ಇದೆ?

ತೆಂಗಿನಗರಿ (ಬುಧವಾರ, ಬೆಳಿಗ್ಗೆ 8.15)

18 ಚೀಲ ಹಾಕಿದ್ದರು. ದಾರಿಯಲ್ಲಿ ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿ ಚೀಟಿ ತೆಗೆಸಿದ್ದಾರೆ. ಅದಕ್ಕೂ ಮಂಡಿ ಬಿಲ್ಲಿಗೂ 31 ಕೆಜಿ ವ್ಯತ್ಯಾಸ. ಚೀಟಿ ನಾನೂ ನೋಡಿದೆ, ಜೇಬಲ್ಲಿ ಇಟ್ಟು ಇಟ್ಟು ಅಕ್ಷರ ಅರ್ಧ ಮಾಸಿದೆ.

ಮಂಡಿ ಗುಮಾಸ್ತ (ಬುಧವಾರ, ಬೆಳಿಗ್ಗೆ 8.50)

ಮಾಸುವ ಮೊದಲು ಜೆರಾಕ್ಸ್ ಮಾಡಿಸಿ. ಆದರೆ ವೇಬ್ರಿಡ್ಜ್ ಐದೋ ಹತ್ತೋ ಕೆಜಿ ಲೆಕ್ಕದಲ್ಲಿ ತೋರಿಸುತ್ತದೆ. ತುಂಬಿದ ಗಾಡಿ ಒಂದು ಸಲ, ಖಾಲಿ ಗಾಡಿ ಒಂದು ಸಲ. ಎರಡರಲ್ಲೂ ಆಚೀಚೆ ಆಗುತ್ತದೆ. ಉಳಿದಿದ್ದು ಗೋಣಿಚೀಲದ ತೂಕ ಕಳೆದಿರಬಹುದು. ಬಿಲ್ಲಿನಲ್ಲಿ ಕಳೆದಿದ್ದು ಬರೆದಿದ್ದಾರಾ ನೋಡಿ. ಬರೆದಿದ್ದರೆ ಅದು ಕಳ್ಳತನ ಅಲ್ಲ, ಜಗಳ ಆಡಬಹುದಾದ ಲೆಕ್ಕ.

ಅವರು ಗ್ರೂಪಿನಲ್ಲಿ ಬರೆಯುವ ಬದಲು ಕಾನೂನು ಮಾಪನಶಾಸ್ತ್ರ ಇಲಾಖೆಗೋ ಎಪಿಎಂಸಿ ಕಾರ್ಯದರ್ಶಿಗೋ ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು.

ಕಪ್ಪುಕೋಟು ಹಾಸನ (ಬುಧವಾರ, ಬೆಳಿಗ್ಗೆ 9.05)

ಅದಕ್ಕೂ ಕಾನೂನಿನ ಬಲ ಇದೆ. ಅಧಿಕಾರ ಇರುವವರ ಮುಂದೆ ಒಳ್ಳೆ ಮನಸ್ಸಿನಿಂದ ಕೊಟ್ಟ ದೂರು ಮಾನನಷ್ಟ ಅಲ್ಲ, ಎಂಟನೇ ವಿನಾಯಿತಿ. ಈಗಲೂ ಕೊಡಲಿ, ತಡವಾಗಿಲ್ಲ.

ಸುಮ್ನೆ ಓದುಗ (ಬುಧವಾರ, ಬೆಳಿಗ್ಗೆ 9.40)

ಪೊಲೀಸರು ಎತ್ತಾಕಿಕೊಂಡು ಹೋಗುವ ಚಾನ್ಸ್ ಇದೆಯಾ? 2017ರಲ್ಲಿ ಉತ್ತರ ಕನ್ನಡದಲ್ಲಿ ಒಬ್ಬ ಅಡ್ಮಿನ್‌ನ ಅರೆಸ್ಟ್ ಮಾಡಿದ್ದು ನೆನಪಿದೆ.

ಕಪ್ಪುಕೋಟು ಹಾಸನ (ಬುಧವಾರ, ಬೆಳಿಗ್ಗೆ 10.15)

ಅದು ಪ್ರಧಾನಿಯ ತಿದ್ದಿದ ಚಿತ್ರದ ವಿಷಯ, ಬೇರೆ. ಇದು ಖಾಸಗಿ ಮಾನನಷ್ಟ, ಅಕ್ಕನಿಗೆ ಠಾಣೆಯಲ್ಲಿ ಹೇಳಿದ್ದು ಸರಿಯೇ. ಮೊದಲು ಐಟಿ ಕಾಯ್ದೆಯಲ್ಲಿ 66ಎ ಎಂಬ ಕಲಂ ಇತ್ತು, ಅದರಲ್ಲಿ ಹಿಡಿಯುತ್ತಿದ್ದರು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಒಬ್ಬ ಹುಡುಗಿ ಬರೆದಿದ್ದಕ್ಕೂ, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಕ್ಕೂ ಬಂಧನ ಆಗಿತ್ತು. ಬಗ್ ಹೇಳಿದ 2015ರ ತೀರ್ಪಿನಲ್ಲೇ ಆ ಕಲಂ ಬಿದ್ದುಹೋಯಿತು. ಬಿದ್ದ ಮೇಲೂ ಠಾಣೆಗಳಲ್ಲಿ ಕೇಸು ಹಾಕುತ್ತಲೇ ಇದ್ದರು. 2021ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಕೇಳಿ ದಂಗಾಯಿತು.

ನೀವು ಮಾಡಬೇಕಾದ ಕೆಲಸ ಹೇಳುತ್ತೇನೆ. ಮೊದಲು ಎರಡೂ ಗ್ರೂಪಿನ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಫೋನ್ ಬದಲಾಯಿಸಬೇಡಿ. ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) 63(4)ರ ಸರ್ಟಿಫಿಕೇಟ್ ಬೇಕು. ಅದು ಅವರಿಗೂ ಬೇಕು. ಇಟ್ಟುಕೊಂಡ ಮೇಲೆ ಮೂಲ ಮೆಸೇಜ್ ಅಳಿಸಿ. ನೋಟಿಸಿಗೆ ಸ್ಥಳೀಯ ವಕೀಲರಿಂದ ಉತ್ತರ ಕೊಡಿಸಿ. ಸಿವಿಲ್ ದಾವೆ ಹಾಕಲು ಅವರಿಗೆ ಒಂದು ವರ್ಷ ಇದೆ, ಕ್ರಿಮಿನಲ್‌ಗೆ ಮೂರು. ಸುಮ್ಮನಿದ್ದರೆ ಮರೆತುಬಿಡುತ್ತಾರೆ ಎಂದುಕೊಳ್ಳಬೇಡಿ.

ಬೆಂಗಳೂರು ಬಗ್ (ಬುಧವಾರ, ಮಧ್ಯಾಹ್ನ 12.30)

ಅವರು ಸೀದಾ ಬೆಂಗಳೂರಿಗೆ ಬಂದು ತಡೆಯಾಜ್ಞೆ ತಂದರೆ? 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಸಿಟಿ ಸಿವಿಲ್ ಕೋರ್ಟ್ 8,842 ಲಿಂಕ್ ತೆಗೆಯಲು ಹೇಳಿರಲಿಲ್ಲವಾ?

ಕಪ್ಪುಕೋಟು ಹಾಸನ (ಬುಧವಾರ, ಮಧ್ಯಾಹ್ನ 2.05)

ಹೇಳಿತ್ತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಆ ಚಾನೆಲ್ ಮಟ್ಟಿಗೆ ಆದೇಶ ರದ್ದಾಗಿ ಮತ್ತೆ ವಿಚಾರಣೆಗೆ ವಾಪಸ್ ಬಂತು. ಎದುರಿನವರ ಮಾತು ಕೇಳದೆ ಬಾಯಿ ಮುಚ್ಚಿಸುವಾಗ ಹುಷಾರು ಎಂದು 2024ರ ಮಾರ್ಚಿನಲ್ಲೇ ಬ್ಲೂಮ್‌ಬರ್ಗ್ ಎಂಬ ಸುದ್ದಿಸಂಸ್ಥೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಬ್ಬರಿ ಚೀಲಕ್ಕೆ ಅಷ್ಟು ದೂರ ಯಾರೂ ಹೋಗುವುದಿಲ್ಲ ಬಿಡಿ.

ತೆಂಗಿನಗರಿ (ಶನಿವಾರ, ರಾತ್ರಿ 8.45)

ಸುದ್ದಿ ಹೇಳುತ್ತೇನೆ. ವಕೀಲರ ಮೂಲಕ ಉತ್ತರ ಹೋಯಿತು. ಮೆಸೇಜ್ ಅಳಿಸಿದೆ. ಬಿಲ್ ತೆಗೆದು ನೋಡಿದರೆ ಮೂಲೆಯಲ್ಲಿ ಸಣ್ಣದಾಗಿ "ಚೀಲ" ಎಂದು ಬರೆದು 18 ಕೆಜಿ ಕಳೆದಿದ್ದಾರೆ. ಗುಮಾಸ್ತರು ಹೇಳಿದ್ದು ಸರಿ. ಉಳಿದ 13 ಕೆಜಿ ಏನಾಯಿತು ಎಂದು ಬರೆದವರು ಇಲಾಖೆಗೆ ಅರ್ಜಿ ಕೊಟ್ಟಿದ್ದಾರೆ.

ಇವತ್ತು ನಾನೇ ಮಂಡಿಗೆ ಹೋದೆ. ಅವರು ಕಾಫಿ ತರಿಸಿದರು, ಆದರೆ ಮುಖ ನೋಡಲಿಲ್ಲ. ಗೋಡೆ ಮೇಲೆ ಅವರಪ್ಪನ ಫೋಟೊ, ಹೊಸ ಹಾರ. "ತೂಕದ ಮಾತು ಇಲಾಖೆಯವರು ನೋಡಲಿ. ಇವರು ನಿಮಗೇನು ಮಾಡಿದ್ದರು?" ಎಂದರು. ನನಗೆ ಬಾಯಿ ಬರಲಿಲ್ಲ. ಎರಡೂ ಗ್ರೂಪಿನಲ್ಲಿ ಹಾಕಲು ಇದನ್ನು ಬರೆದಿದ್ದೇನೆ, ನೋಡಿ: "ನಮ್ಮ ಗ್ರೂಪಿನಲ್ಲಿ ಬಂದ ಸುಳ್ಳು ಮೆಸೇಜನ್ನು ನಾನು ಮುಂದಕ್ಕೆ ಕಳಿಸಿದ್ದು ತಪ್ಪು. ತೀರಿಕೊಂಡ ಹಿರಿಯರ ಬಗ್ಗೆ ಬಂದ ಮಾತಿಗೆ ಕ್ಷಮೆ ಇರಲಿ."

ಕಪ್ಪುಕೋಟು ಹಾಸನ (ಶನಿವಾರ, ರಾತ್ರಿ 9.00)

"ಸುಳ್ಳು" ಎಂಬುದನ್ನು ತೆಗೆಯಿರಿ. 13 ಕೆಜಿ ಇನ್ನೂ ತೀರ್ಮಾನ ಆಗಿಲ್ಲ. ಬರೆದವರ ಕುತ್ತಿಗೆಗೆ ನೀವು ಹಗ್ಗ ಹಾಕಬೇಡಿ.

ಚಕ್ಕುಲಿ ಅಕ್ಕ (ಶನಿವಾರ, ರಾತ್ರಿ 9.10)

"ಕ್ಷಮೆ ಇರಲಿ" ಅಲ್ಲ ಅಣ್ಣಾ. "ಕ್ಷಮೆ ಕೇಳುತ್ತೇನೆ" ಎಂದು ಬರೆಯಿರಿ.

ತೆಂಗಿನಗರಿ (ಶನಿವಾರ, ರಾತ್ರಿ 9.14)

ಎರಡನ್ನೂ ತಿದ್ದಿದೆ. ಹಾಕುತ್ತಿದ್ದೇನೆ.

ಸುಮ್ನೆ ಓದುಗ (ಭಾನುವಾರ, ಬೆಳಿಗ್ಗೆ 7.05)

ಅದಿರಲಿ, ಕೊಬ್ಬರಿ ರೇಟು ಎಷ್ಟು ನಡೀತಿದೆ ಈಗ?

ತೆಂಗಿನಗರಿ (ಭಾನುವಾರ, ಬೆಳಿಗ್ಗೆ 7.20)

ಗ್ರೂಪಿನಲ್ಲಿ ಯಾರೂ ಹಾಕುತ್ತಿಲ್ಲ. ಹೆದರಿಕೊಂಡು ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಮಾಡಿದ್ದೆ. ಮೂರು ದಿನದಿಂದ ನಾನೊಬ್ಬನೇ ಗುಡ್ ಮಾರ್ನಿಂಗ್ ಹಾಕುತ್ತಿದ್ದೇನೆ.